ದೊಡ್ಡವ್ವನ ದನಿಗೊಂದು ತಂತ್ರಾಂಶ

ನನ್ನ ಹೆಡ್‌ಫೋನಿನ ಎಡಗಿವಿಯ ಮೆತ್ತೆಯಲ್ಲಿ ಒಂದು ಹಳದಿ ಕಲೆಯಿದೆ. ಒದ್ದೆ ಬಟ್ಟೆಯಿಂದ ಒರೆಸಿದರೆ ಹೋಗದು. ಒಮ್ಮೆ ಸಾಬೂನು ತಾಗಿಸಿದಾಗ ಕೆಂಪಗೆ ತಿರುಗಿ ನನ್ನನ್ನು ಹೆದರಿಸಿತು. ಒಣಗಿದ ಮೇಲೆ ಏನೂ ಆಗಿಲ್ಲವೆಂಬಂತೆ ಪುನಃ ಹಳದಿಯಾಯಿತು. ಮೊನ್ನೆ ನಮ್ಮ ಶಾಲೆಯ ವಿಜ್ಞಾನದ ಮೇಷ್ಟ್ರು ವಾರ್ಷಿಕೋತ್ಸವದ ಸ್ವಾಗತಗೀತೆಯನ್ನು ಧ್ವನಿಮುದ್ರಿಸಲು ಅದನ್ನು ಎರವಲು ಪಡೆದರು. ಹಿಂದಿರುಗಿಸುವಾಗ ಮೂಗಿನ ಬಳಿ ಹಿಡಿದು, "ಮೇಡಂ, ಇದು ಅರಿಶಿನದ ವಾಸನೆ ಅಲ್ವ?" ಎಂದರು. ಹೌದೆಂದೆ. "ಇರ್ಲಿ. ಈ ರೆಕಾರ್ಡಿಂಗಿಗೆ ಯಾವ ಸಾಫ್ಟ್‌ವೇರ್ ಒಳ್ಳೇದು ಅಂತ ಒಂದೇ ಮಾತಲ್ಲಿ ಹೇಳಿಬಿಡಿ. ನೀವು ತುಂಬಾ ಹೋಲಿಕೆ ಮಾಡಿ ನೋಡಿದ್ದೀರಂತೆ."

ಒಂದೇ ಮಾತಿನಲ್ಲಿ ಹೇಳಲು ನನ್ನಿಂದಾಗಲಿಲ್ಲ. ನಿಮ್ಮೊಡನಾದರೂ ಸಾವಧಾನವಾಗಿ ಹೇಳುತ್ತೇನೆ. ನಿಮಗೆ ಮುಂದಿನ ಪಿರಿಯಡ್ಡಿನ ಗಂಟೆಯ ಭಯವಿಲ್ಲವೆಂದು ನಂಬಿದ್ದೇನೆ.

ಮೊದಲು ನನ್ನ ಅರ್ಹತೆಯನ್ನು ತಿಳಿಸಬೇಕು. ಅರ್ಹತೆಯನ್ನು ತಿಳಿಸದೆ ಮಾತು ಆರಂಭಿಸಲು ನನಗೆ ಧೈರ್ಯ ಬರುವುದಿಲ್ಲ. ಉಮ್ಮತ್ತೂರಿನ ನಮ್ಮ ಮನೆಯಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲನೆಯವಳು. ಗುಂಡ್ಲುಪೇಟೆಯ ಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತೇನೆ. ಅಲ್ಲಿಯೇ ಒಂದು ಕೋಣೆ ಮಾಡಿಕೊಂಡಿದ್ದೇನೆ. ಹೀಗೆ ಮೊದಲಿಗರಾದವರಿಗೆ ಒಂದು ಕಾಯಿಲೆ ಅಂಟಿಕೊಳ್ಳುತ್ತದೆ. ಆಡಬೇಕಾದ ವಾಕ್ಯವನ್ನು ಮೊದಲು ಮನಸ್ಸಿನೊಳಗೆ ಓದಿ, ತಿದ್ದಿ, ಅಂಕ ಕೊಟ್ಟು, ತೇರ್ಗಡೆಯಾದರೆ ಮಾತ್ರ ಹೊರಗೆ ಬಿಡುವುದು. ಸ್ಟಾಫ್ ರೂಮಿನಲ್ಲಿ ಎಲ್ಲರೂ ಸಾಫ್ಟ್‌ವೇರ್ ಎನ್ನುವಾಗ ನಾನು ತಂತ್ರಾಂಶ ಎನ್ನುತ್ತೇನೆ. ಕೂಡಲೇ ಒಂದು ಮೌನ ಆವರಿಸುತ್ತದೆ. ಆ ಮೌನವನ್ನು ನಾನು ಬಹಳ ಕಾಲ ಗೌರವವೆಂದೇ ತಿಳಿದಿದ್ದೆ. ಮಕ್ಕಳ ಪದ್ಯಗಳನ್ನು ಧ್ವನಿಮುದ್ರಿಸುವ ಕೆಲಸ ನನ್ನ ಪಾಲಿಗೆ ಬಂದದ್ದು ಕೂಡ, "ಮೇಡಂದು ಉಚ್ಚಾರಣೆ ಸ್ವಚ್ಛ" ಎಂಬ ಒಂದೇ ಕಾರಣಕ್ಕೆ. ಸಂಗೀತದ ಗಂಧವಿಲ್ಲದ ನಾನು ಸಂಗೀತದ ತಂತ್ರಾಂಶಗಳ ಲೋಕವನ್ನು ಪ್ರವೇಶಿಸಿದ್ದು ಹೀಗೆ, ಸ್ವಚ್ಛತೆಯ ಹಿಂಬಾಗಿಲಿನಿಂದ.

ನನ್ನ ದೊಡ್ಡವ್ವನಿಗೆ ಇಂಥ ಕಾಯಿಲೆ ಯಾವುದೂ ಇರಲಿಲ್ಲ. ದೊಡ್ಡಮ್ಮ ಎಂದು ಬರೆಯಬೇಕೇನೋ ಎಂದು ಕೈ ತಡೆಯಿತು. ಆದರೆ ಹಾಗೆ ಕರೆದರೆ ಅವಳು ತಿರುಗಿ ನೋಡುವುದಿಲ್ಲ. ಅವಳು ನಮ್ಮವ್ವನ ಅಕ್ಕ. ಮನೆ ನಮ್ಮ ಬೀದಿಯಲ್ಲೇ. ಅರಿಶಿನ ಕೀಳುವ ಕಾಲದಲ್ಲಿ ಹೊಲದಿಂದ ಹೊಲಕ್ಕೆ ಕೂಲಿಗೆ ಹೋಗುವಳು; ಮದುವೆಯ ಕಾಲದಲ್ಲಿ ಮನೆಯಿಂದ ಮನೆಗೆ ಸೋಬಾನೆ ಹಾಡಲು ಹೋಗುವಳು. ಸೋಬಾನೆಯಲ್ಲಿ ಒಬ್ಬಳು ಸಾಲನ್ನು ಎತ್ತುತ್ತಾಳೆ, ಸುತ್ತ ಕುಳಿತವರು ಅದನ್ನೇ ಹಿಂದಿರುಗಿಸುತ್ತಾರೆ. ಆ ಹಿಂದಿರುಗಿಸುವಿಕೆಗೆ ಸೊಲ್ಲು ಕೊಡುವುದು ಎಂದು ಹೆಸರು. ಹೆಣ್ಣನ್ನು ಹಸೆಮಣೆಗೆ ಕರೆಯಲು ಒಂದು ಹಾಡು, ಅರಿಶಿನ ಹಚ್ಚಲು ಒಂದು, ನೀರು ಹುಯ್ಯಲು ಮತ್ತೊಂದು. ಯಾವುದಕ್ಕೂ ಗೊತ್ತಾದ ಉದ್ದವಿಲ್ಲ. ಕೈಗಳ ಕೆಲಸ ಮುಗಿಯುವವರೆಗೆ ಹಾಡು. ಹಾಡು ನಿಂತರೆ ಕೈಯೂ ನಿಲ್ಲಬೇಕು. ಅರಿಶಿನ ಹಚ್ಚುವವರ ಸಾಲು ಉದ್ದವಾಗಿದ್ದರೆ ದೊಡ್ಡವ್ವ ಹೆಣ್ಣಿನ ಅಜ್ಜಿಯನ್ನೂ ಹಿತ್ತಲಿನ ನುಗ್ಗೆಮರವನ್ನೂ ಕೊಟ್ಟಿಗೆಯ ಎಮ್ಮೆಯನ್ನೂ ಹಾಡಿನೊಳಕ್ಕೆ ಕರೆತಂದು ಲಂಬಿಸುತ್ತಿದ್ದಳು. ಸಾಲು ಚಿಕ್ಕದಾಗಿದ್ದರೆ ಎಮ್ಮೆಯನ್ನು ಕೊಟ್ಟಿಗೆಯಲ್ಲೇ ಬಿಟ್ಟು ಹೆಣ್ಣನ್ನು ಬೇಗ ಎಬ್ಬಿಸುತ್ತಿದ್ದಳು.

ದೊಡ್ಡಪ್ಪ ತೀರಿಹೋದ ಮೇಲೆ ಅವಳು ಹಾಡಲಿಲ್ಲ. ಯಾರೂ ಬೇಡವೆನ್ನಲಿಲ್ಲ, ಯಾರೂ ಕರೆಯಲೂ ಇಲ್ಲ. ಸೋಬಾನೆ ಮುತ್ತೈದೆಯರ ಹಾಡು, ಅಷ್ಟೆ. ಮದುವೆಮನೆಗೆ ಹೋದರೆ ಹಿತ್ತಲಿನ ಒಲೆಯ ಮುಂದೆ ಕುಳಿತು ಸೌದೆ ಹಾಕುವಳು. ಚಪ್ಪರದಲ್ಲಿ ಯಾರಾದರೂ ಸಾಲು ತಪ್ಪಿದರೆ ಸೌದೆಯನ್ನು ಸ್ವಲ್ಪ ಜೋರಾಗಿ ಮುರಿಯುವಳು ಎಂದು ಅವ್ವ ಹೇಳುತ್ತಿದ್ದಳು.

ನನ್ನ ತಂಗಿ ಸವಿತಳಿಗೆ ತೆರಕಣಾಂಬಿಯ ಸಂಬಂಧ ಗೊತ್ತಾದಾಗ ಅವಳು ಸೀರೆಯನ್ನಾಗಲಿ ಓಲೆಯನ್ನಾಗಲಿ ಕೇಳಲಿಲ್ಲ. "ನನ್ ಅರಿಶಿನಕ್ಕೆ ದೊಡ್ಡವ್ವನೇ ಆಡ್ಬೇಕು" ಎಂದಳು. ದೊಡ್ಡವ್ವ ನಮ್ಮ ಜಗುಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. ತಲೆಯೆತ್ತಲಿಲ್ಲ.

"ಬುಡಮ್ಮಿ. ಅದೆಲ್ಲ ಮುಗೀತು."

"ಯಾಕ್ ಮುಗೀತು? ಗಂಟ್ಲು ಇಲ್ವಾ ನಿಂಗೆ?"

"ಗಂಟ್ಲದೆ. ನಾಳೆ ನಿಂಗೆ ಒಂದ್ ತಲೆನೋವು ಬಂದ್ರೂ ನಿಮ್ಮತ್ತೆ ಮನೇರು ನನ್ ದನಿ ಮ್ಯಾಲೆ ಆಕ್ತಾರೆ. ಅವ್ರು ಆಕ್ದೇ ಇದ್ರೂ ನಾನೇ ಆಕ್ಕತೀನಿ. ಅದ್ಕೇ ಬ್ಯಾಡ ಅನ್ನೋದು."

ಅವರು ಹಾಕದಿದ್ದರೂ ತಾನೇ ಹಾಕಿಕೊಳ್ಳುತ್ತೇನೆ ಎಂಬ ಮಾತು ನನ್ನನ್ನು ಚುಚ್ಚಿತು. ತಪ್ಪಾಗುವ ಮೊದಲೇ ತಪ್ಪನ್ನು ತನ್ನ ಹೆಸರಿಗೆ ಬರೆದುಕೊಳ್ಳುವ ವಿದ್ಯೆಯಲ್ಲಿ ನಾನೂ ಪಳಗಿದವಳು. ಆ ಭಾನುವಾರ ಗುಂಡ್ಲುಪೇಟೆಗೆ ಮರಳುವ ಬಸ್ಸಿನಲ್ಲಿ ಚಾಮರಾಜನಗರ ದಾಟುವಷ್ಟರಲ್ಲಿ ನನಗೆ ಹೊಳೆಯಿತು: ದೊಡ್ಡವ್ವ ಬರುವುದು ಬೇಡ, ಅವಳ ದನಿ ಮಾತ್ರ ಬಂದರೆ?

ಇಂಥ ವಿಷಯಗಳಲ್ಲಿ ನಮ್ಮ ಮನೆಯ ಕಡೆಯ ಮಾತು ಅಪ್ಪನ ಅಕ್ಕನದು. ಅವಳನ್ನು ಚಂದಕವಾಡಿ ಅತ್ತೆ ಎನ್ನುತ್ತೇವೆ. ಹಣೆಯ ತುಂಬ ಕುಂಕುಮ, ಬಾಯಿಯ ತುಂಬ ಎಲೆಯಡಿಕೆ. ಶಾಸ್ತ್ರ ಕೇಳಿದರೆ ಎಲೆಯನ್ನು ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ಸಾಗಿಸಿದ ಮೇಲೆಯೇ ತೀರ್ಪು. ನಾನು ಅತ್ಯಂತ ವಿನಯದಿಂದ, ಧ್ವನಿಮುದ್ರಿತ ಗೀತೆಗೆ ಆಕ್ಷೇಪವಿರಬಹುದೇ ಎಂದು ವಿಚಾರಿಸಿದೆ.

"ಪೆಟ್ಗೆ ಆಡೋದಾ? ಆಡ್ಲಿ ಬುಡು. ಪೆಟ್ಗೆಗೆ ಯಾವ್ ಮೈಲ್ಗೆ, ಯಾವ್ ಮುತ್ತೈದೆತನ."

ದೊಡ್ಡವ್ವನೂ ಒಪ್ಪಿದಳು. "ನಾನ್ ಒಲೆ ಹತ್ರ ಇರ್ತೀನಿ. ಅದು ಏನಾರ ಆಡ್ಕಳ್ಲಿ."

ಅಲ್ಲಿಂದ ನನ್ನ ಹೋಲಿಕೆಯ ಪರ್ವ ಆರಂಭವಾಯಿತು. ಪರೀಕ್ಷೆಗೆ ಓದಿದಂತೆ ಓದಿದೆ. ವಿಡಿಯೋಗಳಲ್ಲಿ ದೇಶಾಂತರದ ಯುವಕರು ಬಣ್ಣದ ದೀಪಗಳ ಮುಂದೆ ಕುಳಿತು, ಈ ತಂತ್ರಾಂಶ ಉತ್ತಮವೋ ಆ ತಂತ್ರಾಂಶ ಉತ್ತಮವೋ ಎಂದು ಅತಿವೇಗದ ಇಂಗ್ಲಿಷಿನಲ್ಲಿ ವಾದಿಸುತ್ತಿದ್ದರು. ಅರ್ಥವಾಗದಿದ್ದಲ್ಲೆಲ್ಲ ನಾನು ತಲೆಯಾಡಿಸಿದೆ. ಕೋಣೆಯಲ್ಲಿ ನನ್ನನ್ನು ನೋಡುವವರು ಯಾರೂ ಇರಲಿಲ್ಲವಾದರೂ ಅಭ್ಯಾಸ. ಫೋನಿನಲ್ಲೇ ನಡೆಯುವ ಒಂದನ್ನು ಮೊದಲು ಪ್ರಯತ್ನಿಸಿದೆ. ಅದು ಸಾಲು ಸಾಲಿನ ನಡುವೆ ಜಾಹೀರಾತು ತೋರಿಸಿತು. ಕೊನೆಗೆ ಲ್ಯಾಪ್‌ಟಾಪಿನಲ್ಲಿ ಎರಡು ಉಳಿದವು. ಅವುಗಳ ನಿಜವಾದ ಹೆಸರುಗಳು ನಮ್ಮ ಮನೆಯಲ್ಲಿ ಯಾರ ಬಾಯಿಗೂ ಹತ್ತಲಿಲ್ಲವಾದ್ದರಿಂದ ಒಂದು ಚೌಕ, ಇನ್ನೊಂದು ಪಟ್ಟಿ ಎಂದಾದವು.

ಚೌಕ ಎಂಬುದು ತಾಳವನ್ನು ಮನೆ ಮನೆಯಾಗಿ ಜೋಡಿಸುವಂಥದು. ಪರದೆಯ ತುಂಬ ಪುಟ್ಟ ಚೌಕಗಳು. ಒಂದನ್ನು ಒತ್ತಿದರೆ ಡೋಲು, ಮತ್ತೊಂದಕ್ಕೆ ತಾಳ. ವಾದ್ಯ ನುಡಿಸಲು ಬಾರದವನೂ ಅದರಲ್ಲಿ ಒಂದು ಮೇಳವನ್ನೇ ಎಬ್ಬಿಸಬಹುದು. ಹಾಡಿದವರು ತುಸು ಹಿಂದೆ ಮುಂದೆ ಆದರೆ ತಾನೇ ಎಳೆದು ಸಾಲಿಗೆ ನಿಲ್ಲಿಸುತ್ತದೆ. ಮೊದಲ ನೋಟಕ್ಕೇ ನಾನದಕ್ಕೆ ಮನಸೋತೆ. ತಪ್ಪನ್ನು ಯಾರ ಗಮನಕ್ಕೂ ಬಾರದಂತೆ ತಿದ್ದಿಕೊಡುವ ಸಲಕರಣೆಯನ್ನು ನಾನು ಹುಟ್ಟಿದಂದಿನಿಂದ ಹುಡುಕುತ್ತಿದ್ದೆ. ಪಟ್ಟಿ ಇದಕ್ಕೆ ತದ್ವಿರುದ್ಧ. ಬೂದು ಬಣ್ಣ, ಒಂದು ಕೆಂಪು ಗುಂಡಿ. ಒತ್ತಿದರೆ ದನಿ ಬಂದಂತೆ ಉದ್ದಕ್ಕೆ ಹರಿಯುತ್ತದೆ. ಒಂದರ ಕೆಳಗೊಂದು ಎಷ್ಟು ಪಟ್ಟಿಗಳನ್ನಾದರೂ ಹಾಸಬಹುದು. ಅದು ನಮಗೆ ಏನನ್ನೂ ಹೇಳಿಕೊಡುವುದಿಲ್ಲ, ಏನನ್ನೂ ಕೇಳುವುದೂ ಇಲ್ಲ. ಅದರ ಮೌನ ನನಗೆ ಪರೀಕ್ಷಕರ ಮೌನದಂತೆ ತೋರಿ ಗಾಬರಿಯಾಗುತ್ತಿತ್ತು.

ಧ್ವನಿಮುದ್ರಣಕ್ಕೆ ಪ್ರತಿಧ್ವನಿಯಿಲ್ಲದ ಕೋಣೆ ಬೇಕೆಂದು ಆ ಯುವಕರೆಲ್ಲ ಒಮ್ಮತದಿಂದ ಹೇಳಿದ್ದರು. ನಮ್ಮ ಮನೆಯಲ್ಲಿ ಅಂಥ ಜಾಗ ಒಂದೇ, ಬೇಯಿಸಿ ಒಣಗಿಸಿದ ಅರಿಶಿನದ ಮೂಟೆಗಳನ್ನು ಸೂರಿನವರೆಗೆ ಒಟ್ಟಿದ ಕೋಣೆ. ಮೂಟೆಗಳ ನಡುವೆ ಚಾಪೆ ಹಾಸಿ ದೊಡ್ಡವ್ವನನ್ನು ಕೂರಿಸಿ, ಮುಂದೆ ಮೈಕು ಇಟ್ಟು ಹೆಡ್‌ಫೋನ್ ತೊಡಿಸಿದೆ. ಅದರ ಕಲೆಯ ಇತಿಹಾಸ ಇಷ್ಟೆ. ಚೌಕವನ್ನು ತೆರೆದೆ. ಹಾಡಿನ ವೇಗವೆಷ್ಟೆಂದು ಅದು ಮೊದಲು ಕೇಳಿತು. ನಾನು ಊಹಿಸಿ ಒಂದು ಸಂಖ್ಯೆ ಕೊಟ್ಟೆ. ಟಿಕ್ ಟಿಕ್ ಶುರುವಾಯಿತು. ದೊಡ್ಡವ್ವ ಒಂದು ಸಾಲು ಎತ್ತಿ ನಿಲ್ಲಿಸಿದಳು.

"ಯಾರೋ ಬಾಗ್ಲು ತಟ್ತಾವ್ರೆ ಕಣಮ್ಮಿ. ನೋಡೋಗು."

"ಅದು ತಾಳ ದೊಡ್ಡವ್ವ. ಅದರ ಜೊತೆಯಲ್ಲೇ ಹಾಡಬೇಕು."

"ಅದ್ಯಾಕೆ ಅಷ್ಟ್ ಅವಸ್ರ ಅದ್ಕೆ? ಬಸ್ಸಿಗ್ ಓಗ್ಬೇಕಾ?"

ವೇಗವನ್ನು ಇಳಿಸಿದೆ, ಏರಿಸಿದೆ. ಸಾಲಿನ ಕೊನೆಯಲ್ಲಿ ಅವಳು ಕಾಯುತ್ತಿದ್ದಳು. ಟಿಕ್ ಟಿಕ್ ಕಾಯುತ್ತಿರಲಿಲ್ಲ. ಕಡೆಗೆ ಹೇಗೋ ಹಾಡಿಸಿ, ಸಾಲುಗಳನ್ನೆಲ್ಲ ಚೌಕಗಳಿಗೆ ಎಳೆದು ನಿಲ್ಲಿಸಿ, ಹಿಂದೆ ಡೋಲು ಜೋಡಿಸಿ ಅವಳಿಗೆ ಕೇಳಿಸಿದೆ. ಅವಳು ಗಮನವಿಟ್ಟು ಕೇಳಿದಳು.

"ಯಾರಮ್ಮಿ ಇವ್ಳು? ಚೆನ್ನಾಗ್ ಆಡ್ತಾಳೆ. ಟೀಚರಮ್ಮ ಪಾಠ ಒಪ್ಪಿಸ್ದಂಗೆ."

ಬಾಗಿಲ ಬಳಿ ನಿಂತಿದ್ದ ಸವಿತ ನಗು ತಡೆಯಲಾರದೆ ಹೊರಗೋಡಿದಳು. ಆದರೆ ಚೌಕಕ್ಕೆ ಅನ್ಯಾಯವಾಗಬಾರದು. ದೊಡ್ಡವ್ವನಿಗೆ ಅದರ ಡೋಲು ಬಹಳ ಹಿಡಿಸಿತ್ತು. "ನನ್ ಆಡು ತಗ್ದಾಕ್ಬುಟ್ಟು ಡೋಲು ಮಡಿಕೊ" ಎಂದು ಎರಡು ಬಾರಿ ಶಿಫಾರಸು ಮಾಡಿದಳು.

ಮಾರನೆಯ ಬೆಳಿಗ್ಗೆ ಪಟ್ಟಿಯನ್ನು ತೆರೆದೆ. ಈ ಬಾರಿ ತೊಡಕು ಬೇರೆ. ಒಂದು ಸಾಲು ಹಾಡಿ ದೊಡ್ಡವ್ವ ಸುಮ್ಮನಾದಳು. ಸೊಲ್ಲು ಬಾರದೆ ಮುಂದಿನ ಸಾಲು ನೆನಪಾಗುವುದಿಲ್ಲವಂತೆ. "ಒಂದ್ ಕಾಲಲ್ಲಿ ನಡ್ದಂಗಾಯ್ತದೆ." ಅವ್ವನನ್ನು ಕರೆತಂದು ಎದುರಿಗೆ ಕೂರಿಸಿ, ಅವಳ ಮುಂದೆ ಇನ್ನೊಂದು ಮೈಕು ಇಟ್ಟೆ. ಅಕ್ಕ ಎತ್ತಿದಳು, ತಂಗಿ ಸೊಲ್ಲು ಕೊಟ್ಟಳು. ಮೊದಮೊದಲು ದೊಡ್ಡವ್ವನ ದನಿ ತುಕ್ಕು ಹಿಡಿದ ಬಾಗಿಲಿನಂತೆ ಕಿರುಗುಟ್ಟಿತು. ಆಮೇಲಾಮೇಲೆ ಅವಳು ನನ್ನನ್ನೂ ಮೈಕನ್ನೂ ಮರೆತಳು. ಅವ್ವ ಸೊಲ್ಲು ಕೊಡುತ್ತ ಅಭ್ಯಾಸದಂತೆ ಗಾಳಿಯಲ್ಲೇ ಯಾರಿಗೋ ಅರಿಶಿನ ಹಚ್ಚುತ್ತಿದ್ದಳು.

ಕೇಳಿಸುವಾಗ ದೊಡ್ಡವ್ವ ತಟಕ್ಕನೆ, "ಬಳೆ ಸದ್ದು" ಎಂದಳು.

"ಅವ್ವನವು. ಬೇಡವಾದರೆ ತೆಗೆಯಬಹುದು. ಅವ್ವನ ಪಟ್ಟಿಯೇ ಬೇರೆ, ನಿನ್ನ ಪಟ್ಟಿಯೇ ಬೇರೆ."

ಅವ್ವನ ಪಟ್ಟಿಯ ಪಕ್ಕದ ಗುಂಡಿ ಒತ್ತಿದೆ. ಸೊಲ್ಲೂ ಬಳೆಯೂ ಮಾಯವಾಗಿ ದೊಡ್ಡವ್ವನ ದನಿಯೊಂದೇ ಉಳಿಯಿತು. ಮತ್ತೆ ಒತ್ತಿದೆ, ಬಳೆ ಬಂತು.

"ಇನ್ನೊಂದ್ಸಲ ತಗಿ," ಎಂದಳು ದೊಡ್ಡವ್ವ. ತೆಗೆದೆ. "ಈಗ ಆಕು." ಹಾಕಿದೆ. ಹೀಗೆ ಎಷ್ಟು ಸಲವೋ. ಅವ್ವ ತನ್ನ ಕೈಗಳನ್ನು ಮೆಲ್ಲನೆ ಸೆರಗಿನೊಳಗೆ ಎಳೆದುಕೊಂಡಳು. ದೊಡ್ಡವ್ವ ಅದನ್ನು ಗಮನಿಸಿ, "ನೀನ್ಯಾಕಮ್ಮಿ ಕೈ ಮುಚ್ಕತೀಯೆ? ಚಳಿನಾ?" ಎಂದು ರೇಗಿಸಿದಳು. ಬಳಿಕ ನನ್ನ ಕಡೆ ತಿರುಗಿ, "ಇದೇ ಇರ್ಲಿ ಕಣಮ್ಮಿ. ಇದು ಬಾಯಿ ಮುಚ್ಕಂಡು ಕೇಳಿಸ್ಕತದೆ" ಎಂದಳು. ಯಾವ ಯುವಕನೂ ತನ್ನ ವಿಡಿಯೋದಲ್ಲಿ ಈ ಮಾನದಂಡವನ್ನು ಹೇಳಿರಲಿಲ್ಲ.

ಅರಿಶಿನದ ದಿನ ಬಂತು. ಚಪ್ಪರದ ಮೂಲೆಯಲ್ಲಿ ಒಂದು ಕುರ್ಚಿಯ ಮೇಲೆ ಲ್ಯಾಪ್‌ಟಾಪು, ಇನ್ನೊಂದರ ಮೇಲೆ ಸ್ಪೀಕರು, ನಡುವೆ ಮದುವೆಗೆಂದು ತಂದ ಹೊಸ ಸೀರೆಯುಟ್ಟ ನಾನು. ನೆರೆದ ಹೆಂಗಸರೇ ಸೊಲ್ಲು ಕೊಡುವರೆಂದು ಅವ್ವನ ಪಟ್ಟಿಯನ್ನು ಮುಚ್ಚಿ, ದೊಡ್ಡವ್ವನದನ್ನು ಮಾತ್ರ ತೆರೆದಿಟ್ಟಿದ್ದೆ. ಗುಂಡಿ ಒತ್ತಿದೆ. ಹಸೆಗೆ ಕರೆಯುವ ಹಾಡಿನ ಮೊದಲ ಸಾಲಿಗೇ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದನಿ ಯಾರದೆಂದು ಎಲ್ಲರಿಗೂ ಗೊತ್ತು. ಮೊದಲು ಅವ್ವ, ಅವಳ ಹಿಂದೆ ಪಕ್ಕದ ಮನೆಯವರು, ಆಮೇಲೆ ಎಲ್ಲರೂ ಸೊಲ್ಲು ಕೊಟ್ಟರು. ಸವಿತ ಮಣೆಯ ಮೇಲೆ ಕುಳಿತಳು. ಅರಿಶಿನದ ಹಾಡು ಆರಂಭವಾಯಿತು. ಎಲ್ಲವೂ ನಾನು ಯೋಜಿಸಿದಂತೆಯೇ ನಡೆಯುತ್ತಿತ್ತು. ಅದೇ ನನ್ನ ಆತಂಕಕ್ಕೆ ಕಾರಣವಾಗಬೇಕಿತ್ತು.

ಆ ಹೊತ್ತಿಗೆ ತೆರಕಣಾಂಬಿಯ ಬೀಗರ ಕಡೆಯ ಹೆಂಗಸರು ವ್ಯಾನಿನಿಂದ ಇಳಿದರು. ಅವರೂ ಅರಿಶಿನ ಹಚ್ಚಬೇಕು. ಸಾಲು ಬೆಳೆಯಿತು, ಹಾಡು ಬೆಳೆಯಲಿಲ್ಲ. ವರನ ತಾಯಿ ಬಟ್ಟಲಿಗೆ ಕೈ ಅದ್ದಿ ಸವಿತಳ ಕೆನ್ನೆಯತ್ತ ಚಾಚುವಾಗ ಸರಿಯಾಗಿ ಹಾಡು ಮುಗಿಯಿತು. ಅವರ ಕೈ ಹಾಗೆಯೇ ನಿಂತಿತು. ನಾನು ತಡಬಡಿಸಿ ಪುನಃ ಒತ್ತಿದೆ. ಪೆಟ್ಟಿಗೆ ಮೊದಲಿನಿಂದ ಶುರುಮಾಡಿ, ಬಾರಮ್ಮ, ಹಸೆಗೆ ಬಾ ಎಂದು ಕರೆಯಿತು.

"ಕುಂತಿರೋಳ್ನೇ ಇನ್ನೊಂದ್ಸಲ ಕರೀತದಲ್ಲ ಈ ಪೆಟ್ಗೆ" ಎಂದಿತು ಬೀಗರ ಸಾಲಿನ ಒಂದು ದನಿ.

ಹಾಡನ್ನು ಎಳೆದು ಮುಂದಕ್ಕೆ ಒಯ್ದೆ. ನೀರು ಹುಯ್ಯುವ ಹಾಡು ಬಂತು.

"ಅಗೋ, ಅರಿಶಿನ ಅಚ್ಚೋಕ್ ಮುಂಚೇನೇ ನೀರು ಉಯ್ದು ಮೀಸೂ ಬುಡ್ತು."

ಚಪ್ಪರವೆಲ್ಲ ನಗು. ಹಾಡನ್ನು ನಿಲ್ಲಿಸಿದೆ. ಆ ನಿಶ್ಶಬ್ದದಲ್ಲಿ ಹಿತ್ತಲಿನಿಂದ ಸೌದೆ ಮುರಿದ ಸದ್ದು ಸ್ಪಷ್ಟವಾಗಿ ಕೇಳಿಸಿತು. ಚಂದಕವಾಡಿ ಅತ್ತೆ ಎಲೆಯಡಿಕೆಯನ್ನು ಬಲಗೆನ್ನೆಯಿಂದ ಎಡಗೆನ್ನೆಗೆ ಸಾಗಿಸಿದಳು.

"ದನಿ ಚಪ್ರದೊಳಗೆ ಬಂದು ಕುಂತು ಇಷ್ಟೊತ್ತಾಯ್ತು. ಆಳ್ನ ಇನ್ನೂ ಹಿತ್ಲಲ್ಲಿ ನಿಲ್ಸಿದ್ದೀರಲ್ಲ, ಇದ್ಯಾವ್ ಶಾಸ್ತ್ರ? ಕರೀರಿ ಅವ್ಳ್ನ."

ಎಲ್ಲರೂ ವರನ ತಾಯಿಯನ್ನು ನೋಡಿದರು. ದೊಡ್ಡವ್ವ ಹೆದರಿದ್ದು ಇವರಿಗೇ. ಅರಿಶಿನ ಅವರ ಬೆರಳುಗಳಿಂದ ತೊಟ್ಟಿಕ್ಕುತ್ತಿತ್ತು.

"ನನ್ನೇನ್ ನೋಡ್ತೀರಿ?" ಎಂದರು ಅವರು. "ನನ್ ಕೈ ನೋಯ್ತಾ ಅದೆ. ಯಾರಾರ ಆಡಿ, ಬೇಗ ಆಡಿ."

ದೊಡ್ಡವ್ವ ಹಿಂಬಾಗಿಲಿನವರೆಗೆ ಬಂದಿದ್ದಳು. "ಬ್ಯಾಡ ಅತ್ಗೆ. ಒಲೆ ಉರೀತಾ ಅದೆ."

"ಉರೀಲಿ ಬುಡು ದೊಡ್ಡವ್ವ" ಎಂದಳು ಸವಿತ, ಮಣೆಯ ಮೇಲಿಂದ ಏಳದೆ. "ತಲೆನೋವು ಬಂದ್ರೆ ನನ್ ತಲೆಗ್ ತಾನೆ? ನಾನ್ ತಡ್ಕತೀನಿ. ಇಲ್ಲಿ ಕಾಲು ಜೋಮಿಡೀತಾ ಅದೆ, ಬಾ."

ದೊಡ್ಡವ್ವ ಹೊಸ್ತಿಲವರೆಗೆ ಬಂದಳು. ಸೆರಗಿಗೆ ಕೈ ಒರೆಸಿದಳು, ಮತ್ತೆ ಒರೆಸಿದಳು. ಬಾಯಿ ತೆರೆದಳು, ದನಿ ಹೊರಡಲಿಲ್ಲ. ಆಗ ನಾನು ನನ್ನಿಂದಾಗುವ ಒಂದೇ ಕೆಲಸ ಮಾಡಿದೆ. ಪಟ್ಟಿಯಲ್ಲಿ ಅರಿಶಿನದ ಹಾಡಿನ ನಡುಭಾಗವನ್ನು ಹುಡುಕಿ, ತೀರ ಮೆಲ್ಲನೆ ಬಿಟ್ಟೆ. ಪೆಟ್ಟಿಗೆ ಒಂದು ಸಾಲು ಹೇಳಿತು. ಹೆಂಗಸರು ಸೊಲ್ಲು ಕೊಟ್ಟರು. ಮುಂದಿನ ಸಾಲು ಹೊಸ್ತಿಲಿನಿಂದ ಬಂತು. ಎರಡು ದನಿಗಳೂ ಒಂದೆರಡು ಸಾಲು ಜೊತೆಜೊತೆಗೆ ನಡೆದವು. ಬೆರಳಿನಿಂದ ಪೆಟ್ಟಿಗೆಯ ದನಿಯನ್ನು ಕೊಂಚಕೊಂಚವೇ ಇಳಿಸುತ್ತ ಹೋದೆ. ಯಾವ ಸಾಲಿನಲ್ಲಿ ಅದು ಪೂರ್ತಿ ಅಡಗಿತೆಂದು ಚಪ್ಪರದಲ್ಲಿ ಯಾರಿಗೂ ತಿಳಿಯಲಿಲ್ಲ. ನನಗೂ ಈಗ ಖಚಿತವಿಲ್ಲ. ವರನ ತಾಯಿಯ ಕೈ ಸವಿತಳ ಕೆನ್ನೆ ಮುಟ್ಟಿತು. ವ್ಯಾನಿನ ತುಂಬ ಬಂದ ಹೆಂಗಸರೆಲ್ಲರೂ ಹಚ್ಚಿ ಮುಗಿಸುವಷ್ಟು ಹೊತ್ತು ದೊಡ್ಡವ್ವ ಹಾಡಿದಳು. ಎಮ್ಮೆ ಬಂತು, ನುಗ್ಗೆಮರ ಬಂತು, ತೆರಕಣಾಂಬಿಯ ವ್ಯಾನೂ ಬಂತು.

ಇಷ್ಟರಿಂದ ಊರು ಬದಲಾಯಿತೆಂದು ನಾನು ಬರೆದರೆ ನೀವು ನಂಬಬಾರದು. ನಮ್ಮ ಬೀದಿಯಲ್ಲೇ ಆಮೇಲೆ ನಡೆದ ಒಂದು ಮದುವೆಗೆ ಅವಳನ್ನು ಕರೆದರು, ಇನ್ನೊಂದಕ್ಕೆ ಕರೆಯಲಿಲ್ಲ. ಈ ವಾರ ಚಂದಕವಾಡಿಯಿಂದ ಅತ್ತೆಯ ನೆರೆಮನೆಯವರು ನನಗೆ ಫೋನ್ ಮಾಡಿದರು. ಅವರ ಮಗಳ ಅರಿಶಿನಕ್ಕೆ ದೊಡ್ಡವ್ವನ ಹಾಡು ಬೇಕಂತೆ. "ಅವ್ರು ಬರೋದ್ ಬ್ಯಾಡ, ಪೆನ್ ಡ್ರೈವಿಗೆ ಆಕ್ಕೊಡಿ ಸಾಕು" ಎಂದರು. ನನಗೆ ಸಿಟ್ಟು ಬಂದು ಕೊಡಲಾಗದೆನ್ನಲು ಬಹಳ ಶುದ್ಧವಾದ ಒಂದು ವಾಕ್ಯವನ್ನು ಸಿದ್ಧಪಡಿಸಿಕೊಂಡೆ. ದೊಡ್ಡವ್ವನನ್ನು ಕೇಳಿದರೆ, "ಕೊಡಮ್ಮಿ. ಮೊದ್ಲು ದನಿನಾರ ಓಗ್ಲಿ" ಎಂದಳು.

ಹೀಗಾಗಿ ಈ ಶನಿವಾರ ಮಧ್ಯಾಹ್ನ ಗುಂಡ್ಲುಪೇಟೆಯ ನನ್ನ ಕೋಣೆಯಲ್ಲಿ ಪಟ್ಟಿಯನ್ನು ತೆರೆದು ಕುಳಿತಿದ್ದೆ. ಹಸೆಗೆ ಕರೆಯುವ ಹಾಡನ್ನು ಪೂರ್ತಿ ಇಟ್ಟೆ. ಅರಿಶಿನದ ಹಾಡಿಗೆ ಬಂದಾಗ ಕೈ ನಿಂತಿತು. ಜೀವಮಾನದಲ್ಲಿ ಒಂದು ಉತ್ತರಪತ್ರಿಕೆಯನ್ನೂ ಅಪೂರ್ಣವಾಗಿ ಕೊಟ್ಟು ಬಂದವಳಲ್ಲ ನಾನು. ಹಾಡಿನ ನಡುವೆ, ಸೊಲ್ಲು ಮುಗಿದು ಮುಂದಿನ ಸಾಲು ಎತ್ತಬೇಕಾದ ಜಾಗದಲ್ಲಿ ಕತ್ತರಿಸಿದೆ. ಉಳಿದದ್ದನ್ನು ಪೆನ್ ಡ್ರೈವಿಗೆ ಹಾಕಲಿಲ್ಲ. ಅತ್ತೆಗೆ ವಿಷಯ ತಿಳಿಸಿದಾಗ ಎಲೆಯಡಿಕೆ ಕೆನ್ನೆ ಬದಲಾಯಿಸಿದ್ದು ಫೋನಿನಲ್ಲೇ ಕೇಳಿಸಿತು. ಆಮೇಲೆ, "ನಾನ್ ಅಲ್ಲೇ ಇರ್ತೀನಿ ಬುಡು" ಎಂದಳು.

ಅನಂತರ ದೊಡ್ಡವ್ವನಿಗೆ ಫೋನ್ ಮಾಡಿದೆ.

"ಅವ್ರ ಅರಿಶಿನದ ದಿನ ಕೂಲಿಗ್ ಒಪ್ಕಬ್ಯಾಡ. ಚಂದಕವಾಡೀಲಿ ಅತ್ತೆ ಮನೇಗ್ ಓಗಿ ಕುಂತಿರು."

"ಯಾಕಮ್ಮಿ?"

"ಪೆಟ್ಗೆ ಮಧ್ಯದಲ್ಲಿ ನಿಂತೋಯ್ತದೆ."

ಫೋನಿನಲ್ಲಿ ಟ್ರಂಕಿನ ಮುಚ್ಚಳ ತೆರೆದ ಸದ್ದು ಕೇಳಿಸಿತು. ಆಮೇಲೆ ಅವಳು ಕೇಳಿದಳು:

"ಅಂಗಾರೆ ಯಾವ್ ಸೀರೆ ಉಟ್ಕಳನ?"